ಗೌರವ ಸದಸ್ಯತ್ವ ಪ್ರದಾನ: ಹೆಸರು ತಪ್ಪದಂತೆ, ಪದಕ ಸಿಕ್ಕಿಕೊಳ್ಳದಂತೆ

ಒಬ್ಬರನ್ನು ಅಕಾಡೆಮಿಯ ಫೆಲೋ ಆಗಿ, ಸಂಸ್ಥೆಯ ಗೌರವ ಸದಸ್ಯರಾಗಿ ಅಥವಾ ಸಾಧಕರ ಪಟ್ಟಿಗೆ ಸೇರಿಸಿಕೊಳ್ಳುವ ಸಮಾರಂಭದಲ್ಲಿ ಮುಖ್ಯ ಕಾರ್ಯ ನಡೆಯುವುದು ನಾಲ್ಕೇ ನಿಮಿಷ. ತಯಾರಿಯ ಶ್ರಮವೆಲ್ಲ ವೇದಿಕೆಯ ಅಲಂಕಾರಕ್ಕೂ ಭಾಷಣಕಾರರ ಪಟ್ಟಿಗೂ ಖರ್ಚಾಗಿಬಿಡುತ್ತದೆ. ಆ ನಾಲ್ಕು ನಿಮಿಷದಲ್ಲೇ ಹೆಸರು ತಪ್ಪುತ್ತದೆ, ಪದಕದ ರಿಬ್ಬನ್ ಕನ್ನಡಕಕ್ಕೆ ಸಿಕ್ಕಿಕೊಳ್ಳುತ್ತದೆ, ಪೆನ್ನು ಬರೆಯುವುದಿಲ್ಲ.

ಮೊದಲು ಕಾಗದಪತ್ರ. ಆಯ್ಕೆಯ ನಿರ್ಣಯ ಸಭೆಯ ನಡಾವಳಿಯಲ್ಲಿ ದಾಖಲಾಗಿರಲಿ. ಲಿಖಿತ ಒಪ್ಪಿಗೆ ಕೈಸೇರುವ ತನಕ ಹೆಸರನ್ನು ಎಲ್ಲಿಯೂ ಪ್ರಕಟಿಸಬೇಡಿ. ಗೌರವವನ್ನು ಒಲ್ಲದವರೂ ಇರುತ್ತಾರೆ. 1964ರಲ್ಲಿ ಫ್ರೆಂಚ್ ಲೇಖಕ ಸಾರ್ತ್ರ್ ನೊಬೆಲ್ ಸಾಹಿತ್ಯ ಪ್ರಶಸ್ತಿಯನ್ನು ಘೋಷಣೆಯಾದ ಮೇಲೆ ನಿರಾಕರಿಸಿದರು. ಒಪ್ಪಿಗೆ ಕೇಳುವ ಪತ್ರದ ಜೊತೆಗೇ ಒಂದು ನಮೂನೆ ಕಳಿಸಿ: ಪ್ರಮಾಣಪತ್ರದಲ್ಲಿ ಹೆಸರು ಹೇಗಿರಬೇಕು, ಇನಿಷಿಯಲ್ ಮೊದಲೋ ಕೊನೆಗೋ, ಮೆಟ್ಟಿಲು ಹತ್ತಲು ನೆರವು ಬೇಕೇ. ಅವರ ಹೆಸರನ್ನು ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಲು ಕೇಳಿ. ಹತ್ತು ಸೆಕೆಂಡಿನ ಈ ಕೆಲಸವನ್ನು ಬಿಟ್ಟದ್ದರಿಂದಲೇ ಬಹಳ ಸಮಾರಂಭಗಳು ಕೆಡುತ್ತವೆ.

ಬಿನ್ನವತ್ತಳೆ, ಅಂದರೆ ಸಾಧನೆಯನ್ನು ಸಭೆಗೆ ಓದಿಹೇಳುವ ಗೌರವಪತ್ರ. 120ರಿಂದ 150 ಪದ ಸಾಕು. ನಿಧಾನವಾಗಿ ಓದಿದರೆ ಸುಮಾರು ಒಂದೂವರೆ ನಿಮಿಷ. ಹುಟ್ಟಿದ ಊರಿನಿಂದ ಶುರುಮಾಡಿ ಹುದ್ದೆಗಳನ್ನೆಲ್ಲ ಪೋಣಿಸಬೇಡಿ, ಅದಕ್ಕೆ ಆಹ್ವಾನ ಪತ್ರಿಕೆಯ ಹಿಂಬದಿ ಇದೆ. ಇವರು ಮಾಡಿದ್ದೇನು, ಅದರಿಂದ ಬದಲಾದದ್ದೇನು ಎಂಬೆರಡನ್ನು ಹೇಳಿ. ಹೆಸರು ಕೊನೆಯ ವಾಕ್ಯದಲ್ಲೇ ಬರಲಿ. ಎರಡು ವಾರ ಮೊದಲೇ ಕರಡನ್ನು ಅವರಿಗೇ ಕಳಿಸಿ ಇಸವಿ, ಹೆಸರು, ಕೃತಿಗಳನ್ನು ಸರಿನೋಡಿಸಿ. ಓದುವವರು ನಿರೂಪಕರಾಗುವುದು ಬೇಡ, ಗೌರವ ಪಡೆಯುವವರ ಕೆಲಸ ಬಲ್ಲ ಸದಸ್ಯರೊಬ್ಬರಾಗಲಿ. ಅಕ್ಷರ 18 ಪಾಯಿಂಟ್ ಇರಲಿ, ಒಂದೇ ಪುಟದಲ್ಲಿ ಮುಗಿಯಲಿ. ಮೊಬೈಲ್ ನೋಡಿ ಓದಬಾರದು; ಪರದೆ ಆರಿಹೋಗುತ್ತದೆ, ನಡುವೆ ಕರೆ ಬರುತ್ತದೆ.

ಬರಮಾಡಿಕೊಳ್ಳುವ ಕ್ಷಣ. ಹೆಚ್ಚು ಎಡವುವುದು ಇಲ್ಲಿ. ಸಾಮಾನ್ಯವಾಗಿ ಬಿನ್ನವತ್ತಳೆ ಮುಗಿದ ಕೂಡಲೇ ಪದಕ ಹಾಕುತ್ತಾರೆ. ಪದಕ ಕಂಡ ಸಭೆ ಚಪ್ಪಾಳೆ ತಟ್ಟುತ್ತದೆ, ಅಧ್ಯಕ್ಷರ ಘೋಷಣೆ ಆ ಸದ್ದಿನಲ್ಲಿ ಮುಳುಗುತ್ತದೆ. ವ್ಯಕ್ತಿಯನ್ನು ಸದಸ್ಯರನ್ನಾಗಿಸುವುದು ಆ ಘೋಷಣೆಯೇ ಹೊರತು ಪದಕವಲ್ಲ. ಆದ್ದರಿಂದ ಕ್ರಮ ಹೀಗಿರಲಿ: ಬಿನ್ನವತ್ತಳೆ, ಘೋಷಣೆ, ಪದಕ, ಸಹಿ, ಕೊನೆಗೆ ಪ್ರಮಾಣಪತ್ರ.

ಘೋಷಣೆ ಒಂದೇ ವಾಕ್ಯ: 'ಈ ಸಂಸ್ಥೆಯ ಪರವಾಗಿ, ನನಗಿರುವ ಅಧಿಕಾರದಿಂದ, ತಮ್ಮನ್ನು ಗೌರವ ಸದಸ್ಯರಾಗಿ ಬರಮಾಡಿಕೊಳ್ಳುತ್ತೇನೆ.' ಬೈಲಾದಲ್ಲಿ ನಿಗದಿತ ಒಕ್ಕಣೆ ಇದ್ದರೆ ಅದನ್ನೇ ಬಳಸಿ. ಅಧ್ಯಕ್ಷರು ಇದನ್ನು ಕಾರ್ಡ್ ನೋಡಿಯೇ ಓದಲಿ, ಬಾಯಿಪಾಠ ನೆಚ್ಚಬೇಡಿ. ಓದುವಾಗ ಇಬ್ಬರೂ ಎದುರುಬದುರು ನಿಂತಿರಬೇಕು, ಅಧ್ಯಕ್ಷರ ಕೈಯಲ್ಲಿ ಬೇರೇನೂ ಇರಬಾರದು.

ಪದಕದ ರಿಬ್ಬನ್ ಸುತ್ತಳತೆ 80 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕನ್ನಡಕ, ಶ್ರವಣಸಾಧನ, ತುರುಬು ದಾಟುವುದು ಕಷ್ಟ. ಹಿಂಬದಿಯಲ್ಲಿ ಕೊಕ್ಕೆಯಿರುವ ರಿಬ್ಬನ್ ಎಲ್ಲಕ್ಕಿಂತ ಒಳ್ಳೆಯದು. ಸಹಾಯಕರೊಬ್ಬರು ಹಿಂದೆ ನಿಂತು ಸಿಕ್ಕಿಸಲಿ. ತಟ್ಟೆಯಲ್ಲಿ ಪದಕದ ಮುಖ ಮೇಲಾಗಿ, ರಿಬ್ಬನ್ ಬಿಡಿಸಿಟ್ಟಿರಲಿ. ಡಬ್ಬಿಯಿಂದ ತೆಗೆಯುವ ಕೆಲಸ ವೇದಿಕೆಯ ಮೇಲೆ ಬೇಡವೇ ಬೇಡ. ಉತ್ತರ ಭಾಷಣ ಮಾಡುವವರಿಗೆ ಕಾಲರ್ ಮೈಕ್ ಹಾಕಬೇಡಿ, ಪದಕ ಅದಕ್ಕೆ ತಾಗಿ ಮಾತಿನುದ್ದಕ್ಕೂ ಕರಕರ ಎನ್ನುತ್ತದೆ.

ಸಹಿ ಪುಸ್ತಕವಿಲ್ಲದ ಸಂಸ್ಥೆಗಳು ಒಂದನ್ನು ಇಂದೇ ಶುರುಮಾಡಬೇಕು. ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಯ ಚಾರ್ಟರ್ ಪುಸ್ತಕದಲ್ಲಿ 1665ರಲ್ಲಿ ಎರಡನೇ ಚಾರ್ಲ್ಸ್ ದೊರೆ ಸಹಿ ಹಾಕಿದ. ನ್ಯೂಟನ್, ಡಾರ್ವಿನ್ ಸಹಿಗಳೂ ಅದರಲ್ಲೇ ಇವೆ, ಹೊಸ ಫೆಲೋಗಳು ಇಂದಿಗೂ ಅದರಲ್ಲೇ ಸಹಿ ಮಾಡುತ್ತಾರೆ. ಆಮ್ಲರಹಿತ ಕಾಗದದ, ಹೊಲಿದು ಬೈಂಡ್ ಮಾಡಿದ ಪುಸ್ತಕ ಬೇಕು. ಅಂಟಿನ ಬೈಂಡಿಂಗ್ ಇರುವ ಪುಸ್ತಕ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುವುದಿಲ್ಲ, ಬಲವಂತ ಮಾಡಿದರೆ ಹಾಳೆ ಕಿತ್ತು ಬರುತ್ತದೆ. ಶಾಯಿ ಪಿಗ್ಮೆಂಟ್ (ಕರಗದ ಬಣ್ಣದ ಕಣಗಳಿರುವ) ಬಗೆಯದಾಗಿರಲಿ. ಸಾಮಾನ್ಯ ಬಾಲ್‌ಪೆನ್ನಿನ ಬರಹ ಬೆಳಕಿಗೆ ಮಾಸುತ್ತದೆ. ಅಂದು ಬೆಳಿಗ್ಗೆ ಅದೇ ಬಗೆಯ ಕಾಗದದ ಮೇಲೆ ಎರಡು ಪೆನ್ನುಗಳನ್ನು ಬರೆದು ನೋಡಿ. ಸಹಿ ಎಲ್ಲಿ ಬೀಳಬೇಕೋ ಅಲ್ಲಿ ತೆಳುವಾಗಿ ಪೆನ್ಸಿಲ್ ಗೆರೆ ಎಳೆದು, ಶಾಯಿ ಹೀರುವ ಒತ್ತುಕಾಗದವನ್ನು ಪಕ್ಕದಲ್ಲಿಡಿ.

ಫೋಟೊಗ್ರಾಫರ್‌ಗಳೆಲ್ಲ ಒಂದೇ ಬದಿಯಲ್ಲಿರಲಿ. ಪ್ರಮಾಣಪತ್ರ ಎಡಗೈಯಲ್ಲಿ, ಹಸ್ತಲಾಘವ ಬಲಗೈಯಲ್ಲಿ, ಐದು ಸೆಕೆಂಡ್ ನಿಲುಗಡೆ. ಇಷ್ಟನ್ನೂ ಹಿಂದಿನ ದಿನ ಖಾಲಿ ಸಭಾಂಗಣದಲ್ಲಿ ಒಮ್ಮೆ ನಡೆಸಿ ನೋಡಿ.

ಹಲವರಿದ್ದರೆ. ತಲೆಗೆ ನಾಲ್ಕು ನಿಮಿಷ ಲೆಕ್ಕ ಹಿಡಿಯಿರಿ. ಹತ್ತು ಜನರಾದರೆ ಬಿನ್ನವತ್ತಳೆಯನ್ನು 50 ಪದಕ್ಕೆ ಇಳಿಸಿ, ಆದರೆ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಒಂದೇ ಫೋಟೊದಲ್ಲಿ ಮುಗಿಸಬೇಡಿ; ಆ ಅಡ್ಡದಾರಿ ಬಂದವರನ್ನು ಅವಮಾನಿಸುತ್ತದೆ. ಮರಣೋತ್ತರ ಗೌರವವಾದರೆ ವೇದಿಕೆಗೆ ಯಾರು ಬರುತ್ತಾರೆಂಬುದನ್ನು ಕುಟುಂಬದಿಂದ ಮೊದಲೇ ತಿಳಿದುಕೊಳ್ಳಿ.

ಉತ್ತರ ಭಾಷಣ. ಐದು ನಿಮಿಷ ಎಂದು ಮೊದಲೇ ಬರೆದು ತಿಳಿಸಿ. 1635ರಲ್ಲಿ ಸ್ಥಾಪನೆಯಾದ ಫ್ರೆಂಚ್ ಅಕಾಡೆಮಿಯಲ್ಲಿ 40 ಪೀಠಗಳಿದ್ದು, ಹೊಸಬರು ತಮ್ಮ ಪೀಠದಲ್ಲಿ ಹಿಂದೆ ಇದ್ದವರ ಬಗ್ಗೆ ಮಾತನಾಡುತ್ತಾರೆ. ಹಿಂದಿನ ಸದಸ್ಯರೊಬ್ಬರನ್ನು ನೆನೆಯುವ ಈ ಪದ್ಧತಿಯನ್ನು ಯಾವ ಸಂಸ್ಥೆಯೂ ಅಳವಡಿಸಿಕೊಳ್ಳಬಹುದು.

ಪ್ರಮಾಣಪತ್ರವನ್ನು ಲ್ಯಾಮಿನೇಟ್ ಮಾಡಿಸಬೇಡಿ. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಕೆಡದಂತೆ ತೆಗೆಯಲಾಗದು. ಬಂಗಾರ ಬಣ್ಣದ ಸ್ಟಿಕ್ಕರ್ ಮುದ್ರೆ ಕೆಲವೇ ವರ್ಷಕ್ಕೆ ಅಂಚಿನಲ್ಲಿ ಏಳುತ್ತದೆ, ಕಾಗದದಲ್ಲೇ ಉಬ್ಬಿ ಮೂಡುವ ಒತ್ತುಮುದ್ರೆಯೇ ಸರಿ. ಚೌಕಟ್ಟಿನ ಗಾಜು ಕಾಗದಕ್ಕೆ ನೇರವಾಗಿ ತಾಗದಂತೆ ನಡುವೆ ಆಮ್ಲರಹಿತ ಮೌಂಟ್ (ಸುತ್ತಲಿನ ರಟ್ಟಿನ ಅಂಚು) ಇರಲಿ.

ಸಮಾರಂಭದ ಮರುದಿನವೇ ಸದಸ್ಯರ ವಹಿಯಲ್ಲಿ ಹೆಸರು, ದಿನಾಂಕ, ನಿರ್ಣಯದ ಸಂಖ್ಯೆ ಏರಿಸಿ. ಮತದಾನದ ಹಕ್ಕಿದೆಯೇ, ಶುಲ್ಕ ಕಟ್ಟಬೇಕೇ, ಹೆಸರಿನ ನಂತರ ಸದಸ್ಯತ್ವ ಸೂಚಿಸುವ ಯಾವ ಅಕ್ಷರಗಳನ್ನು ಬಳಸಬಹುದು ಎಂಬುದನ್ನು ತಿಳಿಸುವ ಪತ್ರ ಅದೇ ವಾರ ಅವರಿಗೆ ತಲುಪಲಿ.