ನಿಂಬೆಹನಿ ಇಟ್ಟು ನೋಡಿ, ಕಲ್ಲಿನ ಗುಣ ತಿಳಿಯುತ್ತದೆ

ಹೊಸ ಮನೆಗೆ ಹೋದರೆ ಮೊದಲು ಅಡುಗೆಮನೆ ಕಟ್ಟೆಗೂ ನೆಲಕ್ಕೂ ಹಾಕಿರುವುದು ಯಾವ ಕಲ್ಲು ಅಂತ ತಿಳಿದುಕೊಳ್ಳಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ನಿಂಬೆರಸದ ಒಂದು ಹನಿ ಬಿಡಿ. ಐದು ನಿಮಿಷ ಬಿಟ್ಟು ಒರೆಸಿ. ಹೊಳಪು ಹೋಗಿ ಮಂಕು ಕಲೆ ಉಳಿದರೆ ಅದರಲ್ಲಿ ಸುಣ್ಣ ಇದೆ. ಗ್ರಾನೈಟ್ ಆಗಿದ್ದರೆ ಅಷ್ಟಕ್ಕೆಲ್ಲ ಜಗ್ಗುವುದಿಲ್ಲ.

ಶಹಾಬಾದ್ ಕಲ್ಲು, ಕಡಪ ಕಲ್ಲು, ಅಮೃತಶಿಲೆ, ಮೂರೂ ಸುಣ್ಣದ ಕಲ್ಲಿನ ಬಳಗವೇ. ಇವಕ್ಕೂ ಹುಳಿಗೂ ಆಗಿಬರುವುದಿಲ್ಲ. ನಮ್ಮ ಹಳೇ ಮನೆಯ ನಡುಮನೆಗೆ ಶಹಾಬಾದ್ ಕಲ್ಲು ಹಾಕಿತ್ತು. ಒಂದು ಹಬ್ಬದ ಹಿಂದಿನ ದಿನ ನಾನು ಅದಕ್ಕೆ ಆಸಿಡ್ ಸುರಿದು ಉಜ್ಜಿದೆ. ಬುರುಬುರು ನೊರೆ ಬಂತು. ಕೊಳೆ ಬಿಡ್ತಾ ಇದೆ ಅಂದುಕೊಂಡೆ. ಕರಗುತ್ತಾ ಇದ್ದದ್ದು ಕಲ್ಲು! ಆಮೇಲೆ ನೆಲ ತರಿತರಿಯಾಗಿ, ಮೊದಲಿಗಿಂತ ಜಾಸ್ತಿ ಕೊಳೆ ಹಿಡಿಯತೊಡಗಿತು. ಮಿಷನ್ ತರಿಸಿ ಪಾಲಿಶ್ ಮಾಡಿಸಬೇಕಾಯಿತು.

ಹಾಗಾಗಿ ಈ ಕಲ್ಲುಗಳಿಗೆ ಆಸಿಡ್, ವಿನಿಗರ್ ಎರಡೂ ಬೇಡ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಸ್ವಲ್ಪ ಹಾಕಿ ಒರೆಸಿದರೆ ಸಾಕು. ಹುಣಸೆರಸ, ಮಜ್ಜಿಗೆ ಚೆಲ್ಲಿದರೆ ಆಗಲೇ ಒರೆಸಿಬಿಡಿ. ಎಣ್ಣೆ ಇಂಗಿದ್ದರೆ ಅಡುಗೆ ಸೋಡಾವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಮೆತ್ತಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೆಗೆಯಿರಿ.

ನನಗೆ ಎಲ್ಲಕ್ಕಿಂತ ಇಷ್ಟ ಬಳಪದ ಕಲ್ಲು. ಉಗುರಲ್ಲಿ ಗೀಚಿದರೂ ಗೆರೆ ಬೀಳುವಷ್ಟು ಮೆದು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಕಲ್ಲಿನಲ್ಲಿ ಅಷ್ಟು ನವಿರಾದ ಒಡವೆ ಕೆತ್ತಿದ್ದು ಈ ಮೆದುತನದಿಂದಲೇ ಅಲ್ವಾ? ಇದರ ಪಾತ್ರೆಗೆ ಹುಳಿಯ ಭಯವಿಲ್ಲ. ಗೊಜ್ಜು, ಹುಳಿ ಧೈರ್ಯವಾಗಿ ಮಾಡಿ. ಆದರೆ ತಂದ ದಿನವೇ ಒಲೆ ಮೇಲೆ ಇಡಬೇಡಿ, ಬಿರುಕು ಬಿಡುತ್ತದೆ. ಒಳಗೂ ಹೊರಗೂ ಹರಳೆಣ್ಣೆ, ಅರಿಶಿನ ಸವರಿ ನಾಲ್ಕೈದು ದಿನ ಇಡಿ. ಆಮೇಲೆ ಕೆಲವು ದಿನ ಬಿಸಿ ಗಂಜಿ ತಿಳಿ ತುಂಬಿಸಿಡಿ. ಆಮೇಲೇ ಸಣ್ಣ ಉರಿ. ಬರಿದಾದ ಪಾತ್ರೆ ಕಾಯಿಸಬೇಡಿ, ಕಾದ ಪಾತ್ರೆಗೆ ತಣ್ಣೀರು ಹೊಯ್ಯಬೇಡಿ. ಒಲೆ ಆರಿಸಿದ ಮೇಲೂ ಒಳಗಿನ ಹುಳಿ ತುಸು ಹೊತ್ತು ಕುದಿಯುತ್ತಲೇ ಇರುತ್ತದೆ. ಅದಕ್ಕೇ ತರಕಾರಿ ಇನ್ನೂ ಸ್ವಲ್ಪ ಬೇಯಬೇಕು ಅನ್ನುವಾಗಲೇ ಗ್ಯಾಸ್ ಆರಿಸಿ ಮುಚ್ಚಿಡಿ.