ವಯಸ್ಕ ಕಲಿಕಾರ್ಥಿಗಳ ಕಲೆ, ಕರಕುಶಲ ಕೃತಿಗಳ ಆನ್‌ಲೈನ್ ಪ್ರದರ್ಶನ: ನನ್ನ ಅನುಭವ

ವಯಸ್ಕರ ಕಲಾ ತರಗತಿಗಳಲ್ಲಿ ತಯಾರಾದ ಕೃತಿಗಳನ್ನು ಆನ್‌ಲೈನ್‌ನಲ್ಲಿ ಪ್ರದರ್ಶಿಸಬೇಕೆಂದು ನಾನು ಹೊರಟಾಗ, ಸಹಶಿಕ್ಷಕರಲ್ಲಿ ಹೆಚ್ಚಿನವರು ಅದು ನಡೆಯುವ ಮಾತಲ್ಲವೆಂದರು. ಮಕ್ಕಳ ಚಿತ್ರವಾದರೆ ಹೆತ್ತವರಾದರೂ ನೋಡುತ್ತಾರೆ, ನಲವತ್ತು ದಾಟಿದವರ ಮೊದಲ ಜಲವರ್ಣವನ್ನು ಯಾರು ನೋಡುತ್ತಾರೆ, ಬಿಡಿಸಿದವರೇ ಸಂಕೋಚದಿಂದ ಹಿಂದೆ ಸರಿಯುತ್ತಾರೆ ಎಂಬುದು ಅವರ ವಾದವಾಗಿತ್ತು. ಈಗ ಅದೇ ಪುಟಗಳನ್ನು ನೋಡಿ ಹೊಸಬರು ತರಗತಿಗೆ ಸೇರುತ್ತಿರುವುದರಿಂದ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಆರಂಭದಲ್ಲಿ ಹಣವೆಲ್ಲ ಜಾಲತಾಣಕ್ಕೇ ಹೋಯಿತು. ವಿನ್ಯಾಸಕರಿಂದ ಮಾಡಿಸಿದ ಗ್ಯಾಲರಿ, ವಾರ್ಷಿಕ ಹೋಸ್ಟಿಂಗ್ (ತಾಣವನ್ನು ಅಂತರಜಾಲದಲ್ಲಿ ಇರಿಸುವ ಬಾಡಿಗೆ) ಮತ್ತು ಜಾಹೀರಾತು ಸೇರಿ ಒಂದು ತಂಡದ ಶುಲ್ಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ನುಂಗಿದವು. ಇನ್ನೂರರ ಆಸುಪಾಸಿನ ಕೃತಿಗಳನ್ನು ಒಂದೇ ಪುಟದಲ್ಲಿ ತುಂಬಿದ್ದರಿಂದ ನೋಡುಗರು ಮೊದಲ ಎರಡು ಸಾಲು ದಾಟುತ್ತಿರಲಿಲ್ಲ, ಕಲಿಕಾರ್ಥಿಗಳಿಗೆ ತಮ್ಮ ಕೃತಿ ಎಲ್ಲಿದೆಯೆಂದು ಹುಡುಕುವುದೇ ಕೆಲಸವಾಗುತ್ತಿತ್ತು. ಜಾಹೀರಾತಿನಿಂದ ಬಂದವರು ಬಂದ ಹಾಗೆಯೇ ಹೋದರು. ಎರಡನೆಯ ಸಲ ಅದಷ್ಟನ್ನೂ ಕೈಬಿಟ್ಟು, ಒಬ್ಬರಿಗೆ ಒಂದು ಪುಟ, ಪುಟಕ್ಕೆ ಮೂರೇ ಕೃತಿ ಎಂದು ನಿಯಮ ಮಾಡಿದೆ. ಕೃತಿಗಳನ್ನು ನಾನು ಆರಿಸುವುದಿಲ್ಲ, ಮಾಡಿದವರೇ ಆರಿಸಬೇಕು. ಆದರೆ ಅವುಗಳಲ್ಲಿ ಒಂದು ತರಗತಿಯ ಮೊದಲ ದಿನಗಳದ್ದಾಗಿರಬೇಕು.

ಛಾಯಾಗ್ರಹಣಕ್ಕೆ ದೊಡ್ಡ ಕ್ಯಾಮೆರಾ ಬೇಕಾಗಲಿಲ್ಲ. ಫೋನಿನ ಮುಖ್ಯ ಲೆನ್ಸ್ ವಿಶಾಲಕೋನದ್ದಾದ್ದರಿಂದ ಹತ್ತಿರದಿಂದ ತೆಗೆದರೆ ಚೌಕಟ್ಟಿನ ಅಂಚುಗಳು ಉಬ್ಬಿದಂತೆ ಕಾಣುತ್ತವೆ. ಎರಡು ಪಟ್ಟು ಜೂಮ್ ಮಾಡಿ, ಅಷ್ಟೇ ಹಿಂದೆ ಸರಿದು, ಫೋನನ್ನು ಚಿತ್ರಕ್ಕೆ ಸಮಾನಾಂತರವಾಗಿ ಹಿಡಿದರೆ ಈ ತೊಂದರೆ ಬಹುತೇಕ ಹೋಗುತ್ತದೆ. ಚಿತ್ರಗಳಿಗೆ ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಒಂದೇ ಬಗೆಯ ಬೆಳಕು ಬೀಳಬೇಕು, ಕೋಣೆಯ ಉಳಿದ ದೀಪಗಳನ್ನು ನಂದಿಸಬೇಕು, ಇಲ್ಲವಾದರೆ ಜಲವರ್ಣದ ಬಿಳಿ ಕಾಗದ ಒಂದು ಬದಿಗೆ ನೀಲಿ, ಇನ್ನೊಂದು ಬದಿಗೆ ಹಳದಿಯಾಗುತ್ತದೆ. ತೈಲವರ್ಣದ ಹೊಳಪನ್ನು ಅಡಗಿಸಲು ದೀಪಗಳ ಮುಂದೆಯೂ ಲೆನ್ಸಿನ ಮುಂದೆಯೂ ಪೋಲರೈಸಿಂಗ್ ಫಿಲ್ಟರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ ಅಥವಾ ಗಾಜು) ಇಟ್ಟು ನೋಡಿದೆ. ಹೊಳಪು ಪೂರ್ತಿ ಹೋದಾಗ ಬಣ್ಣ ಗಾಢವಾಗಿ, ಕುಂಚದ ಗೆರೆಗಳೇ ಸತ್ತಂತೆ ಕಂಡವು. ಲೆನ್ಸಿನ ಫಿಲ್ಟರನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ತುಸು ಹೊಳಪು ಉಳಿಸಿಕೊಂಡಾಗ ಚಿತ್ರಕ್ಕೆ ಜೀವ ಬಂತು. ಕಡತಗಳನ್ನು ಎಸ್‌ಆರ್‌ಜಿಬಿಯಲ್ಲಿ (ಹೆಚ್ಚಿನ ಪರದೆಗಳು ಬಳಸುವ ಬಣ್ಣದ ಮಾನದಂಡ), ಉದ್ದದ ಬದಿ ಸುಮಾರು 2000 ಪಿಕ್ಸೆಲ್ ಇರುವಂತೆ ಉಳಿಸುತ್ತೇನೆ. ಹಿನ್ನೆಲೆಗೆ ಯಾವ ಬಟ್ಟೆ ಬಳಸುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅದನ್ನು ಹುಡುಕುವುದಕ್ಕೆ ಬಹಳ ಕಷ್ಟಪಟ್ಟಿದ್ದೇನೆ.

ಕಸೂತಿಗೆ ಮಾತ್ರ ಬೆಳಕು ಒಂದೇ ಬದಿಯಿಂದ, ಬಟ್ಟೆಯನ್ನು ಸವರಿಕೊಂಡು ಹೋಗುವಷ್ಟು ತಗ್ಗಿನಲ್ಲಿ ಬರಬೇಕು, ಆಗಲೇ ಹೊಲಿಗೆಯ ಉಬ್ಬು ಕಾಣುತ್ತದೆ. ಕಲಿಯಲು ತಡವಾಗಿ ಬಂದ ಹಿರಿಯರೊಬ್ಬರು ತಮ್ಮ ದಿಂಬಿನ ಕವರನ್ನು ಮೇಜಿನ ಮೇಲೆ ಮಗುಚಿ ಇಟ್ಟಿದ್ದರು. ಅದರ ಹಿಂಬದಿಯ ಎಡಭಾಗದ ತುಂಬ ಗಂಟುಗಳು, ಒಂದು ಹೂವಿನಿಂದ ಇನ್ನೊಂದಕ್ಕೆ ನೆಗೆದ ಉದ್ದನೆಯ ದಾರಗಳು; ಬಲಕ್ಕೆ ಬರುತ್ತ ಬರುತ್ತ ಗಂಟುಗಳು ಕಡಿಮೆಯಾಗಿ, ಕೊನೆಯ ಬಳ್ಳಿಯಲ್ಲಿ ದಾರದ ತುದಿಗಳೆಲ್ಲ ಹೊಲಿಗೆಯೊಳಗೇ ಅಡಗಿದ್ದವು. ಮುಂಬದಿಯಲ್ಲಿ ಕಾಣದ ಕಲಿಕೆ ಅಲ್ಲಿ ಹಾಗೆಯೇ ಬರೆದಿಟ್ಟಂತಿತ್ತು. ಅವರ ಒಪ್ಪಿಗೆ ಪಡೆದು ಎರಡೂ ಬದಿಗಳನ್ನು ಪಕ್ಕಪಕ್ಕದಲ್ಲಿ ಹಾಕಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಕೆಳಗೆ ಬರೆದೆ. ನಮ್ಮ ಪುಟಗಳಲ್ಲಿ ಜನ ಅತಿ ಹೆಚ್ಚು ಹೊತ್ತು ನಿಂತು ನೋಡಿದ್ದು ಅದನ್ನೇ, ಪ್ರಶ್ನೆಗಳು ಬಂದದ್ದೂ ಅದಕ್ಕೇ. ಸಂಕೋಚಪಡುತ್ತಿದ್ದ ಉಳಿದವರು ಆಮೇಲೆ ತಾವಾಗಿಯೇ ತಮ್ಮ ಹಳೆಯ ಕೃತಿಗಳನ್ನು ತಂದುಕೊಟ್ಟರು.

ಮಡಕೆಗಳನ್ನು ಸುತ್ತಲೂ ತಿರುಗಿಸಿ ನೋಡುವಂತೆ ಮಾಡುವ ಪ್ರಯೋಗವನ್ನೂ ನಡೆಸಿದೆ. ತಿರುಗುವ ಪೀಠದ ಮೇಲಿಟ್ಟು 10 ಡಿಗ್ರಿಗೊಂದರಂತೆ 36 ಚಿತ್ರ ತೆಗೆದಾಗ ಪುಟ ತೆರೆದುಕೊಳ್ಳುವುದಕ್ಕೇ ಬಹಳ ಹೊತ್ತು ಹಿಡಿಯಿತು, 30 ಡಿಗ್ರಿಗೊಂದರಂತೆ 12 ಮಾಡಿದಾಗ ಚಲನೆ ಸ್ವಲ್ಪ ಕುಪ್ಪಳಿಸಿದರೂ ಕೆಲಸ ನಡೆಯಿತು. ಆದರೆ ಪಟ್ಟ ಶ್ರಮಕ್ಕೆ ತಕ್ಕ ಫಲ ಸಿಕ್ಕಿದ್ದು ಚಕ್ರದ ಮೇಲೆ ಕೈಗಳಷ್ಟೇ ಕಾಣುವ ಅರ್ಧ ನಿಮಿಷದ ವೀಡಿಯೋಗಳಿಂದ. ಮುಖ ತೋರಿಸಲು ಒಪ್ಪದವರೂ ಕೈ ತೋರಿಸಲು ಹಿಂಜರಿಯುವುದಿಲ್ಲ.

ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯುತ್ತೇನೆ: ಪೂರ್ತಿ ಹೆಸರೋ, ಮೊದಲಕ್ಷರವೋ, ಹೆಸರೇ ಬೇಡವೋ ಎಂಬುದನ್ನು ಅವರೇ ಗುರುತು ಹಾಕುತ್ತಾರೆ, ಬೇಡವೆಂದ ದಿನ ಪುಟವನ್ನು ತೆಗೆಯುತ್ತೇನೆ. ಬೇರೆಯವರ ಛಾಯಾಚಿತ್ರ ನೋಡಿ ಬಿಡಿಸಿದ್ದು ಅಭ್ಯಾಸಕ್ಕೆ ಸರಿ, ಮೂಲದವರ ಅನುಮತಿಯಿಲ್ಲದೆ ಅದನ್ನು ಪ್ರದರ್ಶನಕ್ಕೆ ಹಾಕುವುದಿಲ್ಲ. ಹೀಗಾಗಿ ಹಲವರು ತಾವೇ ತೆಗೆದ ಛಾಯಾಚಿತ್ರಗಳಿಂದ ಬಿಡಿಸಲು ಆರಂಭಿಸಿದ್ದಾರೆ. ಕೊಳ್ಳುವವರು ವಿಚಾರಿಸಿದರೆ ನೇರವಾಗಿ ಕಲಿಕಾರ್ಥಿಗೇ ತಿಳಿಸುತ್ತೇನೆ, ನಡುವೆ ಪಾಲು ಕೇಳುವುದಿಲ್ಲ. ಈಗಿನ ವರ್ಷದ ಖರ್ಚು, ನನ್ನ ನೆನಪಿನಂತೆ, ಮೊದಲಿನದರ ಹತ್ತನೇ ಒಂದು ಪಾಲಿಗಿಂತ ಹೆಚ್ಚಿಲ್ಲ, ಅದರಲ್ಲೂ ಹೆಚ್ಚಿನದು ದೀಪಗಳಿಗೇ ಹೋಗುತ್ತದೆ.