ನೀರು, ಗಾಳಿ ಮತ್ತು 9 ಮಿಲಿಮೀಟರಿನ ತೂತು

ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಹಾಳುಬಿದ್ದ ಬಾವಿಯೊಂದನ್ನು ಅಗೆಯುವಾಗ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ತುಕ್ಕು ತಿಂದು ಕಂದಾದ ಆ ಕೊಳವೆಗಳನ್ನು ನೋಡಿದಾಗ, ಇಪ್ಪತ್ತೆಂಟು ವರ್ಷ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತವನಾದ ನನ್ನ ಗಮನ ಹೋದದ್ದು ಒಳಗಿದ್ದ ಮದ್ದಿನ ಕಡೆಗಲ್ಲ, ಹೊರಗಿನ ಕಬ್ಬಿಣದ ಕಡೆಗೆ. ಕಾಗದದ ಕೊಳವೆ ತಾಳಲಾರದ ಒತ್ತಡವನ್ನು ಕಬ್ಬಿಣದ ಕೊಳವೆ ತಾಳುತ್ತದೆ ಎಂಬುದೇ ಮೈಸೂರಿನ ರಾಕೆಟ್ಟುಗಳು ಅಷ್ಟು ದೂರ ಹೋಗುತ್ತಿದ್ದುದಕ್ಕೆ ಮುಖ್ಯ ಕಾರಣ. ರಾಕೆಟ್ ಮೋಟಾರ್ ಎಂದರೆ ಒತ್ತಡ ಹಿಡಿದಿಡುವ ಒಂದು ಪಾತ್ರೆ ಮತ್ತು ಅದಕ್ಕೊಂದು ತೂತು. ಒಳಗೆ ಏನು ತುಂಬುತ್ತೇವೆ ಎಂಬುದು ಆಮೇಲಿನ ಮಾತು. ನಿವೃತ್ತಿಯ ನಂತರ ಮನೆಯಲ್ಲೇ ರಾಕೆಟ್ ಮಾಡಿ ಹಾರಿಸುವ ಹವ್ಯಾಸಕ್ಕೆ ಇಳಿದಾಗ ನಾನು ಹಿಡಿದ ಸೂತ್ರ ಇದು.

ಮದ್ದು ಅರೆಯುವ ಯೋಚನೆಯನ್ನು ಮೊದಲ ವಾರವೇ ಬಿಟ್ಟೆ. ಸ್ಫೋಟಕಗಳ ಕುರಿತ 1884ರ ಕಾಯ್ದೆಯೂ 2008ರ ನಿಯಮಗಳೂ ಪರವಾನಗಿಯಿಲ್ಲದೆ ಮನೆಯಲ್ಲಿ ಇಂಥ ಮಿಶ್ರಣ ಮಾಡಲು ಬಿಡುವುದಿಲ್ಲ. ಕಾನೂನಿನ ಮಾತು ಹಾಗಿರಲಿ, ನನಗೆ ನನ್ನ ಹತ್ತೂ ಬೆರಳುಗಳು ಬೇಕಾಗಿದ್ದವು. ಹಾಗಾಗಿ ಎರಡು ಲೀಟರಿನ ಸೋಡಾ ಪಾನೀಯದ ಬಾಟಲಿಯನ್ನು ಪಾತ್ರೆಯಾಗಿಯೂ, ಗಾಳಿಯನ್ನು ಶಕ್ತಿಯಾಗಿಯೂ, ನೀರನ್ನು ಹಿಂದಕ್ಕೆ ಎಸೆಯುವ ಸರಕಾಗಿಯೂ ಆರಿಸಿಕೊಂಡೆ. ಇದನ್ನು ಮಕ್ಕಳ ಆಟ ಎನ್ನುವವರಿದ್ದಾರೆ. ಆದರೆ ನೂಕುಬಲ, ಆವೇಗ, ಮೂತಿಯ (ಸರಕು ಹೊರಬೀಳುವ ತೂತಿನ) ಆಕಾರ, ಗೋಡೆಯ ಬಲ ಎಂಬ ನಾಲ್ಕೂ ಪ್ರಶ್ನೆಗಳು ಇಲ್ಲಿಯೂ ಹಾಗೆಯೇ ಎದುರಾಗುತ್ತವೆ, ಬೆಂಕಿಯೊಂದೇ ಇಲ್ಲ.

ಬಾಟಲಿಯ ವಿಚಾರದಲ್ಲಿ ಒಂದು ಮಾತು. ಕುಡಿಯುವ ನೀರಿನ ಬಾಟಲಿ ಇದಕ್ಕೆ ಬರುವುದಿಲ್ಲ. ಅದರ ಗೋಡೆ ಒತ್ತಡಕ್ಕೆಂದು ಮಾಡಿದ್ದಲ್ಲ. ಗ್ಯಾಸ್ ತುಂಬಿದ ಪಾನೀಯದ ಬಾಟಲಿಯೇ ಆಗಬೇಕು. ಅದರ ವ್ಯಾಸ ಸುಮಾರು 11 ಸೆಂಟಿಮೀಟರ್, ಗೋಡೆಯ ದಪ್ಪ ಸುಮಾರು 0.3 ಮಿಲಿಮೀಟರ್. ಸೈಕಲ್ ಪಂಪಿನಲ್ಲಿ 60 ಪಿಎಸ್‌ಐವರೆಗೆ (ಚದರ ಅಂಗುಲಕ್ಕೆ 60 ಪೌಂಡ್) ಗಾಳಿ ಹೊಡೆದರೆ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 4.2 ಕಿಲೋ ಆಗುತ್ತದೆ. ಆಗ ಬಾಟಲಿಯ ಪ್ರತಿ ಒಂದು ಸೆಂಟಿಮೀಟರ್ ಉದ್ದವನ್ನು ಸೀಳಲು 46 ಕಿಲೋ ಬಲ ಎಳೆಯುತ್ತಿರುತ್ತದೆ. ಎದುರುಬದುರಿನ ಎರಡು ಗೋಡೆಗಳು ಅದನ್ನು ತಲಾ 23 ಕಿಲೋದಂತೆ ಹಂಚಿಕೊಳ್ಳುತ್ತವೆ. ಉಗುರಿನಷ್ಟು ಅಗಲದ, ಕಾಗದಕ್ಕಿಂತ ತುಸು ದಪ್ಪದ ಪ್ಲಾಸ್ಟಿಕ್ ಪಟ್ಟಿಗೆ ಕಾಲು ಕ್ವಿಂಟಲಿಗೆ ಹತ್ತಿರದ ಮೂಟೆ ನೇತುಹಾಕಿದ ಹಾಗೆ. ಉದ್ದದ ದಿಕ್ಕಿನಲ್ಲಿ ಈ ಎಳೆತ ಇದರ ಅರ್ಧ ಮಾತ್ರ, ಆದ್ದರಿಂದ ಬಾಟಲಿ ಒಡೆಯುವಾಗ ಅಡ್ಡಕ್ಕೆ ತುಂಡಾಗದೆ ಉದ್ದಕ್ಕೆ ಸೀಳುತ್ತದೆ.

ಇದನ್ನು ಓದಿ ತಿಳಿದದ್ದು ಬೇರೆ, ಕಣ್ಣಾರೆ ಕಂಡದ್ದು ಬೇರೆ. ಮೊದಲ ರಾಕೆಟ್ಟಿಗೆ ರೆಕ್ಕೆಗಳನ್ನು ಬಿಸಿ ಅಂಟಿನ ಗನ್ನಿನಿಂದ ಅಂಟಿಸಿದ್ದೆ. ಈ ಬಾಟಲಿಯ ಪ್ಲಾಸ್ಟಿಕ್ 75 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗತೊಡಗುತ್ತದೆ. ಅಂಟು ಹೊರಬರುವುದು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಲ್ಲಿ. ಅಂಟು ತಾಗಿದಲ್ಲಿ ಗೋಡೆ ಸಣ್ಣಗೆ ಮುದುಡಿ ಕುಳಿಬಿದ್ದಿತ್ತು, ನಾನು ಅದನ್ನು ಅಂದದ ದೋಷವೆಂದಷ್ಟೇ ತಿಳಿದೆ. ಅದೃಷ್ಟಕ್ಕೆ ನನಗೊಂದು ಹಳೆಯ ಅಭ್ಯಾಸವಿತ್ತು. ಬಾಯ್ಲರ್ ಪರೀಕ್ಷಿಸುವ ರೀತಿಯಲ್ಲಿ, ಯಾವ ಬಾಟಲಿಯನ್ನಾದರೂ ಮೊದಲು ಕಂಠದವರೆಗೆ ನೀರು ತುಂಬಿ, ಗಾಳಿಗೆ ಜಾಗವೇ ಇಲ್ಲದಂತೆ ಮಾಡಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಆಚೆ ಇಟ್ಟು, 90 ಪಿಎಸ್‌ಐವರೆಗೆ ಒತ್ತಡ ಕೊಟ್ಟು ನೋಡುತ್ತೇನೆ. ನೀರು ಕುಗ್ಗುವುದಿಲ್ಲವಾದ್ದರಿಂದ ಅದರಲ್ಲಿ ಶಕ್ತಿ ಕೂಡಿಡಲು ಬರುವುದಿಲ್ಲ. ಬಾಟಲಿ ಹೋದರೂ ಒಂದು 'ಟಪ್' ಶಬ್ದ, ಎರಡು ಲೀಟರ್ ನೀರು, ಅಷ್ಟೇ. ಆ ಬಾಟಲಿ 40ಕ್ಕೇ ಹೋಯಿತು. ಸೀಳು ಅಂಟಿನ ಕುಳಿಯಲ್ಲೇ ಹುಟ್ಟಿ, ಭುಜದಿಂದ ತಳದವರೆಗೆ ಬ್ಲೇಡಿನಲ್ಲಿ ಕೊಯ್ದಂತೆ ನೇರವಾಗಿ ಓಡಿತ್ತು. ಅದೇ ಬಾಟಲಿಯಲ್ಲಿ ಮೂರನೇ ಎರಡು ಪಾಲು ಗಾಳಿ ಇದ್ದು, ನಾನು ಪಕ್ಕದಲ್ಲಿ ಬಗ್ಗಿ ಪಂಪು ಹೊಡೆಯುತ್ತಿದ್ದರೆ ಈ ಬರಹ ಬಹುಶಃ ಬೇರೆ ರೀತಿ ಇರುತ್ತಿತ್ತು. ಅಂದಿನಿಂದ ರೆಕ್ಕೆಗಳನ್ನು ಬಾಟಲಿಗೆ ಅಂಟಿಸುವುದನ್ನೇ ನಿಲ್ಲಿಸಿ, ಇನ್ನೊಂದು ಬಾಟಲಿಯಿಂದ ಕತ್ತರಿಸಿದ ಬಳೆಗೆ ಕೂಡಿಸಿ, ಆ ಬಳೆಯನ್ನು ಹೊರಗಿನಿಂದ ತೊಡಿಸಿ ಟೇಪ್ ಸುತ್ತುತ್ತೇನೆ.

ಇನ್ನು ತೂತಿನ ವಿಚಾರ. ನನ್ನ ಹೆಚ್ಚಿನ ಕಾಲ ಹೋದದ್ದೂ, ಹೆಚ್ಚು ಸಂತೋಷ ಸಿಕ್ಕಿದ್ದೂ ಇಲ್ಲಿ. ಬಾಟಲಿಯ ಬಾಯಿಯನ್ನೇ ಮೂತಿಯಾಗಿ ಬಿಟ್ಟರೆ ಒಳವ್ಯಾಸ ಹತ್ತಿರಹತ್ತಿರ 22 ಮಿಲಿಮೀಟರ್. ನೀರು ಹೊರಬೀಳುವಾಗಿನ ನೂಕುಬಲ ಒತ್ತಡವನ್ನು ತೂತಿನ ವಿಸ್ತೀರ್ಣದಿಂದ ಗುಣಿಸಿ, ಮತ್ತೆ ಇಮ್ಮಡಿ ಮಾಡಿದಷ್ಟು. ಲೆಕ್ಕ ಹಾಕಿದರೆ 60 ಪಿಎಸ್‌ಐಯಲ್ಲಿ ಸುಮಾರು 30 ಕಿಲೋ ಬರುತ್ತದೆ. ಆದರೆ 600 ಮಿಲಿಲೀಟರ್ ನೀರು ಸೆಕೆಂಡಿನ ಹದಿನಾಲ್ಕನೆಯ ಒಂದು ಪಾಲಿನೊಳಗೆ ಖಾಲಿಯಾಗುತ್ತದೆ. ಮುಕ್ಕಾಲು ಕಿಲೋ ತೂಕದ ರಾಕೆಟ್ಟಿಗೆ ಇದು ಒದೆತ. ನನ್ನ ಮೊದಲ ಹಾರಾಟದಲ್ಲಿ ಬಾಟಲಿ ಮೇಲೆ ಹೋಯಿತು, ಮೂರು ರೆಕ್ಕೆಗಳಲ್ಲಿ ಎರಡು ನೆಲದಲ್ಲೇ ಉಳಿದವು.

ಅದಕ್ಕಾಗಿ ತೂತನ್ನು 9 ಮಿಲಿಮೀಟರಿಗೆ ಇಳಿಸಿದೆ. ತೋಟದ ನೀರಿನ ಪೈಪಿಗೆ ಹಾಕುವ, ಒತ್ತಿದರೆ ಕೂಡುವ, ಕಾಲರ್ ಎಳೆದರೆ ಬಿಡುವ ಪ್ಲಾಸ್ಟಿಕ್ ಕನೆಕ್ಟರ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಗಂಡು ಭಾಗ ಬಾಟಲಿಯ ಮುಚ್ಚಳಕ್ಕೆ, ಹೆಣ್ಣು ಭಾಗ ನೆಲದ ಕಟ್ಟೆಗೆ. ಗಾಳಿ ಒಳಬಿಡಲು ಕಾರಿನ ಟ್ಯೂಬ್‌ಲೆಸ್ ಟೈರಿನ ವಾಲ್ವ್. ಕಾಲರನ್ನು ದೂರದಿಂದ ಎಳೆಯುವುದು ಹೇಗೆ ಎಂದು ದಾರ, ಸರಿಗೆ, ಸನ್ನೆ ಎಲ್ಲವನ್ನೂ ಪ್ರಯತ್ನಿಸಿ ಸೋತಿದ್ದೆ. ವಾಲ್ವ್ ಕೊಳ್ಳಲು ಹೋದಾಗ ಪಂಕ್ಚರ್ ಅಂಗಡಿಯವರು ಗೋಡೆಗೆ ನೇತುಹಾಕಿದ್ದ ಹಳೆಯ ಸೈಕಲ್ ಹ್ಯಾಂಡಲ್ ತೋರಿಸಿ, "ಮೇಷ್ಟ್ರೇ, ಬ್ರೇಕ್ ಹಿಡಿಯೋದಕ್ಕೆ ಇರೋದನ್ನ ಬಿಡೋದಕ್ಕೂ ಬಳಸ್ಬಹುದಲ್ಲ," ಎಂದರು. ಬ್ರೇಕ್ ಹಿಡಿಯೂ ಅದರ ವಾಯರೂ ಇಂದಿಗೂ ನನ್ನ ಉಡಾವಣಾ ಕಟ್ಟೆಯಲ್ಲಿವೆ. ವಾಯರಿನ ತುದಿಗೆ ಎಂಟು ಮೀಟರ್ ಹಗ್ಗ ಕಟ್ಟಿ ಮರೆಯಿಂದ ಎಳೆಯುತ್ತೇನೆ. ಪಂಪಿನಿಂದ ಕಟ್ಟೆಯವರೆಗೆ ಮೊದಲು ಹಾಕಿದ್ದ ಪಿವಿಸಿ ಪೈಪನ್ನು ಮಾತ್ರ ಕಿತ್ತುಹಾಕಿದೆ. ಗಾಳಿಯ ಒತ್ತಡಕ್ಕೆ ಪಿವಿಸಿ ಒಡೆದರೆ ಗಾಜಿನಂತೆ ಚೂರುಗಳು ಹಾರುತ್ತವೆ. ಅಲ್ಲಿಗೆ ನೂಲಿನ ಹೆಣಿಗೆಯಿರುವ ಗಾಳಿಯ ಹೋಸ್ ಸರಿ.

ನೂಕುಬಲ ಅಳೆಯಲು ಸ್ಲಾಟೆಡ್ ಆಂಗಲ್ಲಿನ ಚೌಕಟ್ಟು ಮಾಡಿ, ಬಾಟಲಿಯನ್ನು ಬಾಯಿ ಕೆಳಗಾಗಿ ನಿಲ್ಲಿಸಿ, ಅದು ಮೇಲಕ್ಕೆ ಒತ್ತುವಂತೆ ಹತ್ತು ಕಿಲೋದ ಲೋಡ್ ಸೆಲ್ ಒಂದನ್ನು ಮೇಲಿನ ಅಡ್ಡಪಟ್ಟಿಗೆ ಬಿಗಿದೆ. ತೂಕದ ಯಂತ್ರಗಳಲ್ಲಿ ಇರುವುದೂ ಇದೇ ಸೆಲ್. ಅದರ ಸಂಕೇತವನ್ನು ಎಚ್‌ಎಕ್ಸ್711 ಎಂಬ ಚಿಕ್ಕ ಪಟ್ಟಿ ದೊಡ್ಡದು ಮಾಡಿ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕೊಡುತ್ತದೆ. ಕಿರಾಣಿ ಅಂಗಡಿಯ ತೂಕದ ಕಲ್ಲುಗಳನ್ನು ಎರವಲು ತಂದು ಸೆಲ್ಲನ್ನು ಹದಕ್ಕೆ ತಂದೆ. ಮೊದಲ ದಿನದ ಫಲಿತಾಂಶ ವಿಚಿತ್ರವಾಗಿತ್ತು: ಒಮ್ಮೆ 4 ಕಿಲೋ, ಇನ್ನೊಮ್ಮೆ 1, ಮತ್ತೊಮ್ಮೆ 8. ಮೂತಿಯನ್ನು, ಪಂಪನ್ನು, ಕೊನೆಗೆ ನನ್ನ ಕೈಯನ್ನೇ ಅನುಮಾನಿಸಿದ ಮೇಲೆ ತಿಳಿದದ್ದು ಇಷ್ಟು: ಆ ಪಟ್ಟಿ ಅಂಗಡಿಯಿಂದ ಬರುವಾಗ ಸೆಕೆಂಡಿಗೆ ಹತ್ತು ಸಲ ಮಾತ್ರ ಅಳೆಯುವಂತೆ ಹೊಂದಿಸಿರುತ್ತಾರೆ. ನನ್ನ ಮೋಟಾರು ಉರಿಯುವುದೇ — ಉರಿಯುವುದು ಎನ್ನಬಾರದು, ಆದರೂ ಬಾಯಿಗೆ ಹಾಗೇ ಬರುತ್ತದೆ — ಅರ್ಧ ಸೆಕೆಂಡು. ನಾಲ್ಕೈದು ಚುಕ್ಕೆಗಳಿಂದ ಯಾವ ಗೆರೆ ಎಳೆಯಲಾದೀತು? ಆ ಪಟ್ಟಿಯ ಚಿಪ್ಪಿನ ಒಂದು ಕಾಲನ್ನು ಕಿತ್ತು ಬೇರೆಡೆ ಬೆಸೆದರೆ ಸೆಕೆಂಡಿಗೆ 80 ಸಲ ಅಳೆಯುತ್ತದೆ. ಜೊತೆಗೆ, ಬಾಟಲಿಯ ಐದು ಪಾದಗಳ ತಳ ಸೆಲ್ಲಿನ ಮೇಲೆ ಸರಿಯಾಗಿ ಕೂರದೆ ಕೂದಲೆಳೆಯಷ್ಟು ಅಂತರ ಉಳಿದಿತ್ತು; ಬಿಡುವ ಕ್ಷಣದಲ್ಲಿ ಬಾಟಲಿ ಹೋಗಿ ಸೆಲ್ಲನ್ನು ಗುದ್ದುತ್ತಿತ್ತು, ಆ 8 ಕಿಲೋ ಗುದ್ದಿನದೇ. ತಳದ ಆಕಾರಕ್ಕೆ ಹೊಂದುವ ಹಲಸಿನ ಮರದ ಬಟ್ಟಲೊಂದನ್ನು ಕಡೆದು ನಡುವೆ ಇಟ್ಟ ಮೇಲೆ ಗೆರೆ ಗೆರೆಯಂತೆ ಬಂತು.

ಆದರೆ ಬಂದ ಗೆರೆ ನನ್ನ ಲೆಕ್ಕಕ್ಕೆ ಕೂಡಲಿಲ್ಲ. 9 ಮಿಲಿಮೀಟರ್ ತೂತಿಗೆ ಆರಂಭದಲ್ಲಿ 5.3 ಕಿಲೋ ಬರಬೇಕು, ಬರುತ್ತಿದ್ದುದು 3.5ರ ಆಸುಪಾಸು. ಮೂರರಲ್ಲೊಂದು ಪಾಲು ಎಲ್ಲಿಗೆ ಹೋಯಿತು? ಎರಡು ವಾರ ಸೋರಿಕೆ ಹುಡುಕಿದೆ. ಕೊನೆಗೆ ಮುಚ್ಚಳವನ್ನು ಬಿಚ್ಚಿ ಒಳಗಿನಿಂದ ಬೆರಳಾಡಿಸಿದಾಗ ಉತ್ತರ ಬೆರಳಿಗೇ ತಾಗಿತು. ಡ್ರಿಲ್ ಮಾಡಿದ ತೂತಿನ ಅಂಚು ಬ್ಲೇಡಿನಂತೆ ಚೂಪಾಗಿತ್ತು. ನೀರು ಅಂಥ ಮೂಲೆಯಲ್ಲಿ ತಟ್ಟನೆ ತಿರುಗಲಾರದು. ಅಂಚು ದಾಟಿದೊಡನೆ ಗೋಡೆಯಿಂದ ದೂರ ಸರಿದು, ಧಾರೆ ತೂತಿಗಿಂತ ಸಣ್ಣದಾಗಿ, ಪಕ್ಕದಲ್ಲಿ ಸುಳಿಯೆದ್ದು, ಇದ್ದ ವೇಗವನ್ನೂ ಕಳೆದುಕೊಳ್ಳುತ್ತದೆ. ನೈಲಾನ್ ಸರಳಿನ ತುಂಡೊಂದನ್ನು ಹಳೆಯ ಶಿಷ್ಯನ ಲೇತಿನಲ್ಲಿ ಕಟ್ಟಿ, ಒಳಬಾಯಿಯನ್ನು 5 ಮಿಲಿಮೀಟರ್ ತ್ರಿಜ್ಯದಲ್ಲಿ ಶಂಖದ ಬಾಯಿಯಂತೆ ಗುಂಡಗೆ ತಿರುವಿ, 600 ನಂಬರಿನ ಉಜ್ಜುಕಾಗದದಿಂದ ನೀರು ಹಾಕಿ ಉಜ್ಜಿದೆ. ತೂತಿನ ವ್ಯಾಸ ಅದೇ 9. ಅಂದು ಸಂಜೆ ಪರದೆಯ ಮೇಲೆ 4.9 ಮೂಡಿತು. ಮನೆಯವಳನ್ನು ಕರೆದು ತೋರಿಸಿದೆ. "ಅಂಚು ಉಜ್ಜಿದ್ದಕ್ಕೆ ಇಷ್ಟು ಖುಷಿಯೇ?" ಎಂದಳು.

ಹುಡುಗರು ಕೇಳುವ ಪ್ರಶ್ನೆಯೊಂದು ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ತೂತಿದ್ದಲ್ಲಿ ಒತ್ತಡ ಇಲ್ಲ, ಅದರ ಎದುರಿನ ಗೋಡೆಯ ಮೇಲೆ ಇದೆ. ಹಾಗಿದ್ದರೆ ನೂಕುಬಲ ಒತ್ತಡ ಮತ್ತು ವಿಸ್ತೀರ್ಣದ ಗುಣಲಬ್ಧದಷ್ಟೇ ಇರಬೇಕಲ್ಲವೇ, ಇಮ್ಮಡಿ ಏಕೆ? ನೀರು ತೂತನ್ನು ಸಮೀಪಿಸುತ್ತ ವೇಗ ಪಡೆಯುವಾಗ ತೂತಿನ ಸುತ್ತಲಿನ ಗೋಡೆಯ ಮೇಲೂ ಒತ್ತಡ ಇಳಿಯುತ್ತದೆ, ಎದುರಿನ ಗೋಡೆಯ ಮೇಲೆ ಇಳಿಯುವುದಿಲ್ಲ. ಅಂದರೆ ಬಲದ ಮಟ್ಟಿಗೆ ತೂತು ತನ್ನ ಅಳತೆಗಿಂತ ದೊಡ್ಡದಾಗಿ ವರ್ತಿಸುತ್ತದೆ. ಶಂಖದ ಬಾಯಿ ಈ ಇಳಿತಕ್ಕೆ ಪೂರ್ತಿ ಅವಕಾಶ ಕೊಡುತ್ತದೆ. ಬೆಂಕಿಯ ರಾಕೆಟ್ಟುಗಳಲ್ಲಿ ಗಂಟಲು ದಾಟಿದ ಮೇಲೆ ಗಂಟೆಯಂತೆ ಅರಳುವ ಭಾಗವಿರುವುದು ಅನಿಲ ಹಿಗ್ಗುತ್ತ ಇನ್ನಷ್ಟು ವೇಗ ಪಡೆಯಲೆಂದು. ಹಿಗ್ಗದ ನೀರಿಗೆ ಅದು ವ್ಯರ್ಥ ಭಾರ.

ನೀರು ಎಷ್ಟಿರಬೇಕು ಎಂಬುದನ್ನು 400, 600, 900 ಮಿಲಿಲೀಟರುಗಳಲ್ಲಿ ಪರೀಕ್ಷಿಸಿದೆ. ಆವೇಗ, ಎಂದರೆ ನೂಕುಬಲವನ್ನು ಅದು ನಡೆದ ಕಾಲದಿಂದ ಗುಣಿಸಿದ ಮೊತ್ತ, ಕ್ರಮವಾಗಿ 10, 13, 16 ನ್ಯೂಟನ್-ಸೆಕೆಂಡುಗಳ ಸಮೀಪ ಬಂತು. ವಿದೇಶದ ಅಂಗಡಿಗಳಲ್ಲಿ ಸಿಗುವ ಹವ್ಯಾಸಿ ಮೋಟಾರುಗಳನ್ನು ಅಕ್ಷರಗಳಿಂದ ಗುರುತಿಸುತ್ತಾರೆ. 10ರಿಂದ 20ರವರೆಗಿನದು 'ಡಿ' ವರ್ಗ. ನನ್ನ ಸೋಡಾ ಬಾಟಲಿ ಆ ಸಾಲಿನಲ್ಲಿ ನಿಂತಿತೆಂಬ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆವೇಗ ಹೆಚ್ಚಿದ್ದುದೇ ಎತ್ತರಕ್ಕೆ ಹೋಗಲಿಲ್ಲ. 900ರ ರಾಕೆಟ್ ಬಸುರಿಯಂತೆ ನಿಧಾನಕ್ಕೆ ಎದ್ದು, ರೆಕ್ಕೆಗಳಿಗೆ ಗಾಳಿ ಸಿಗುವ ಮೊದಲೇ ವಾಲಿ, ಪಕ್ಕದ ಅಡಿಕೆ ತೋಟದ ಕಡೆ ಹೊರಟಿತು. 600ರದ್ದು ನೇರ ಹೋಯಿತು. ಸುಗ್ಗಿ ಮುಗಿದ ಗದ್ದೆಯಲ್ಲಿ ಐವತ್ತು ಮೀಟರ್ ದೂರದಲ್ಲಿ ನಿಂತು, ಕೋನಮಾಪಕಕ್ಕೆ ಗುಂಡು ಕಟ್ಟಿದ ದಾರ ಇಳಿಬಿಟ್ಟು ನೋಡಿದಾಗ ಕೋನ 45 ಡಿಗ್ರಿಗೆ ತುಸು ಕಡಿಮೆ ಇತ್ತು. ಹತ್ತಿರಹತ್ತಿರ ಐವತ್ತು ಮೀಟರ್ ಎತ್ತರ. ಬಿದ್ದ ಬಾಟಲಿಯನ್ನು ಎತ್ತಿಕೊಂಡರೆ ಒಳಗೆ ಇನ್ನೂ ತೆಳ್ಳಗೆ ಮಂಜು. ತಟ್ಟನೆ ಹಿಗ್ಗಿದ ಗಾಳಿ ತಣ್ಣಗಾಗಿ ತನ್ನ ತೇವವನ್ನೇ ಮಂಜಾಗಿಸುತ್ತದೆ. ಮಲೆನಾಡಿನ ಬೆಳಗನ್ನು ಬಾಟಲಿಯಲ್ಲಿ ಹಿಡಿದಂತೆ ಕೆಲವು ಕ್ಷಣ ಇದ್ದು ಕರಗುತ್ತದೆ.

ಒಂದು ಬಾಟಲಿಯನ್ನು ಇಪ್ಪತ್ತು ಹಾರಾಟಕ್ಕಿಂತ ಹೆಚ್ಚು ಬಳಸುವುದಿಲ್ಲ. ಪ್ರತಿ ಹಾರಾಟಕ್ಕೂ ಭುಜದ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೀಟು ಎಳೆಯುತ್ತೇನೆ. ಬಿಸಿಲಲ್ಲಿ ಬಿಟ್ಟ ಬಾಟಲಿಯನ್ನು, ಬಿದ್ದು ಮಡಿಕೆ ಮೂಡಿದ್ದನ್ನು, ಗೀಟು ಎಷ್ಟೇ ಕಡಿಮೆಯಿದ್ದರೂ ಎಸೆಯುತ್ತೇನೆ. ಕನ್ನಡಕವಿಲ್ಲದೆ ಪಂಪು ಮುಟ್ಟುವಂತಿಲ್ಲ, ಗಾಳಿ ತುಂಬಿದ ಬಾಟಲಿಯ ಹತ್ತಿರ ಯಾರೂ ಹೋಗುವಂತಿಲ್ಲ ಎಂಬ ಎರಡು ನಿಯಮಗಳಿಗೆ ನೋಡಲು ಬಂದ ಮೊಮ್ಮಕ್ಕಳಾಗಲಿ, ಗದ್ದೆಯ ಯಜಮಾನರಾಗಲಿ ಹೊರತಲ್ಲ.

ಈಗ 7 ಮಿಲಿಮೀಟರಿನ ಮೂತಿಯೊಂದು ಮೇಜಿನ ಮೇಲಿದೆ. ಲೆಕ್ಕದ ಪ್ರಕಾರ ನೂಕುಬಲ 3.2 ಕಿಲೋಗೆ ಇಳಿಯುತ್ತದೆ, ಕಾಲ ಅರ್ಧ ಸೆಕೆಂಡು ದಾಟುತ್ತದೆ, ಮೇಲೇಳುವುದು ಮಾತ್ರ ಮತ್ತೆ ನಿಧಾನವಾಗುತ್ತದೆ. ಅದಕ್ಕೆಂದು ದಾರಿ ತೋರುವ ಸರಳನ್ನು ಒಂದು ಮೀಟರಿನಿಂದ ಎರಡಕ್ಕೆ ಉದ್ದ ಮಾಡುತ್ತಿದ್ದೇನೆ. ಭತ್ತದ ಕಟಾವು ಮುಗಿಯಲಿ ಎಂದು ಗದ್ದೆಯ ಯಜಮಾನರು ಹೇಳಿದ್ದಾರೆ.